ಓಖ್ಲಾದ ಡೇರೆಗಳಲ್ಲಿ ನಮ್ಮ ಕಾಲದ ಕಲೆ

ನಮಸ್ಕಾರ. ತೆರೆಯ ಮೇಲೆ ಕಾಣುತ್ತಿರುವ ಈ ಬೃಹತ್ ಡೇರೆಗಳು ದೆಹಲಿಯ ಓಖ್ಲಾದಲ್ಲಿರುವ ರಾಷ್ಟ್ರೀಯ ಸಣ್ಣ ಕೈಗಾರಿಕಾ ನಿಗಮದ, ಅಂದರೆ ಎನ್‌ಎಸ್‌ಐಸಿ ಮೈದಾನದಲ್ಲಿವೆ. ಚಳಿಗಾಲ ಮುಗಿಯುವ ಹೊತ್ತಿಗೆ ಇಲ್ಲಿ ಇಂಡಿಯಾ ಆರ್ಟ್ ಫೇರ್ ಎಂಬ, ಕಲಾಕೃತಿಗಳನ್ನು ತೋರಿಸಿ ಮಾರುವ ಮೇಳ ನಡೆಯುತ್ತದೆ. 2025ರ ಫೆಬ್ರವರಿ 6ರಿಂದ 9ರವರೆಗೆ ನಡೆದ ಹದಿನಾರನೆಯ ಆವೃತ್ತಿಯಲ್ಲಿ 120 ಪ್ರದರ್ಶಕರು ಪಾಲ್ಗೊಂಡಿದ್ದರು. ಮೊದಲ ದಿನ ಆಹ್ವಾನಿತರಿಗೆ ಮೀಸಲಾಗಿರುತ್ತದೆ. ಆಮೇಲೆ ಟಿಕೆಟ್ ಕೊಂಡ ಯಾರು ಬೇಕಾದರೂ ಒಳಗೆ ಹೋಗಬಹುದು. ಕೊಳ್ಳುವ ಶಕ್ತಿಯಿಲ್ಲದ ನಾವೇಕೆ ಅಲ್ಲಿಗೆ ಹೋಗಬೇಕು ಎಂದು ಹಲವರು ಕೇಳುತ್ತಾರೆ. ಇಂದಿನ ಸಂಚಿಕೆಯನ್ನು ಮಾಡಿರುವುದೇ ಆ ಪ್ರಶ್ನೆಗಾಗಿ.

ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತಿನ ಚಿತ್ರಸಂತೆಯನ್ನು ಕಂಡವರಿಗೆ ಇಲ್ಲಿ ಮೊದಲು ಎದ್ದು ಕಾಣುವ ವ್ಯತ್ಯಾಸವೆಂದರೆ ಕಲಾವಿದರ ಗೈರುಹಾಜರಿ. ಜನವರಿಯಲ್ಲಿ ಕುಮಾರಕೃಪಾ ರಸ್ತೆಯ ಉದ್ದಕ್ಕೂ ಚಿತ್ರ ಬರೆದವರೇ ತಮ್ಮ ಚಿತ್ರಗಳ ಪಕ್ಕ ಕುಳಿತು ಬೆಲೆ ಹೇಳುತ್ತಾರೆ. ಅಂತರರಾಷ್ಟ್ರೀಯ ಕಲಾಮೇಳದಲ್ಲಿ ಜಾಗ ಹಿಡಿಯುವುದು ಹೆಚ್ಚಾಗಿ ಗ್ಯಾಲರಿಗಳು, ಅಂದರೆ ಕಲಾವಿದರ ಕೃತಿಗಳನ್ನು ತೋರಿಸಿ ಮಾರುವ ಸಂಸ್ಥೆಗಳು. ಗ್ಯಾಲರಿ ಅರ್ಜಿ ಹಾಕಿ, ಆಯ್ಕೆಯಾಗಿ, ವಿಸ್ತೀರ್ಣದ ಲೆಕ್ಕದಲ್ಲಿ ಬಾಡಿಗೆ ಕಟ್ಟಿ, ಮೂರು ತಾತ್ಕಾಲಿಕ ಗೋಡೆಗಳ ಮಳಿಗೆಯನ್ನು ಪಡೆಯುತ್ತದೆ. ಸಾಗಣೆ, ವಿಮೆ, ಸಿಬ್ಬಂದಿಯ ವಸತಿ ಎಲ್ಲವೂ ಅದರ ಮೇಲೆಯೇ ಬೀಳುತ್ತವೆ. ಕೃತಿ ಮಾರಾಟವಾದರೆ ಹಣವನ್ನು ಗ್ಯಾಲರಿ ಮತ್ತು ಕಲಾವಿದರು ಸರಿಸುಮಾರು ಅರ್ಧರ್ಧ ಹಂಚಿಕೊಳ್ಳುವುದು ಈ ಕ್ಷೇತ್ರದ ವಾಡಿಕೆ. ಮಾರಾಟವಾಗದಿದ್ದರೆ ಪೆಟ್ಟಿಗೆಯೊಳಗೆ ಸೇರಿ ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ಇಷ್ಟು ಹಣ ಹೂಡಿದವರು ಗೋಡೆಗೆ ನೇತು ಹಾಕಬಹುದಾದ, ಮನೆಯ ಹಜಾರದಲ್ಲಿ ಹಿಡಿಸಬಹುದಾದ ಗಾತ್ರದ ಚಿತ್ರಗಳನ್ನೇ ಹೆಚ್ಚಾಗಿ ತರುತ್ತಾರೆಂದರೆ ಅದರಲ್ಲಿ ಆಶ್ಚರ್ಯವಿಲ್ಲ. ಕಲಾಮೇಳವನ್ನು ನೋಡಿ ಇಂದಿನ ಭಾರತೀಯ ಕಲೆಯೆಲ್ಲ ಇಷ್ಟೇ ಎಂದು ಯಾರೂ ತೀರ್ಮಾನಿಸಬಾರದು.

ಭದ್ರಾವತಿಯಲ್ಲಿ 1957ರಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ನೆಲೆಸಿರುವ ಶೀಲಾ ಗೌಡ ಅವರ ಕೆಲಸವನ್ನು ನೆನೆದರೆ ಈ ಮಾತು ಸ್ಪಷ್ಟವಾಗುತ್ತದೆ. ಅವರು ಸೆಗಣಿಯಿಂದ, ಕುಂಕುಮದಿಂದ, ಡಾಂಬರಿನ ಡ್ರಮ್ಮುಗಳ ತಗಡಿನಿಂದ ಕೃತಿಗಳನ್ನು ಕಟ್ಟಿದವರು. ಸೂಜಿಗಳ ಕಣ್ಣಿನಲ್ಲಿ ಉದ್ದುದ್ದದ ದಾರಗಳನ್ನು ಪೋಣಿಸಿ, ಅಂಟು ಮತ್ತು ಕುಂಕುಮ ಹಚ್ಚಿ ಆ ದಾರಗಳನ್ನು ಕೆಂಪು ಹಗ್ಗವಾಗಿಸಿ, ತುದಿಯಲ್ಲಿ ಸೂಜಿಗಳ ಗೊಂಚಲನ್ನು ಹಾಗೆಯೇ ಉಳಿಸಿದ ಅವರ ಕೃತಿ ಇಡೀ ಕೋಣೆಯ ಗೋಡೆಗಳ ಮೇಲೂ ನೆಲದ ಮೇಲೂ ಹರಿಯುತ್ತದೆ. ಎರಡು ವರ್ಷಕ್ಕೊಮ್ಮೆ ನಡೆಯುವ ಅಂತರರಾಷ್ಟ್ರೀಯ ಕಲಾಪ್ರದರ್ಶನವಾದ ವೆನಿಸ್ ಬಿಯೆನಾಲೆಯಲ್ಲಿ 2009ರಲ್ಲಿ ಅವರು ತೋರಿಸಿದ 'ಬಿಹೋಲ್ಡ್' ಎಂಬ ಕೃತಿಯಲ್ಲಿ ಮನುಷ್ಯರ ಕೂದಲಿನಿಂದ ಹೊಸೆದ ಹಗ್ಗಗಳು ಕಾರುಗಳ ಲೋಹದ ಬಂಪರುಗಳನ್ನು ಎತ್ತಿ ಹಿಡಿದಿದ್ದವು. ದೃಷ್ಟಿ ತಾಗದಿರಲೆಂದು ವಾಹನಕ್ಕೆ ಕಟ್ಟುವ ಕೂದಲ ಹಗ್ಗವನ್ನು ನಮ್ಮ ರಸ್ತೆಗಳಲ್ಲಿ ಕಂಡವರಿಗೆ ಆ ಕೃತಿಯೊಳಗಿನ ಭಯವೂ ನಂಬಿಕೆಯೂ ಯಾರೂ ವಿವರಿಸದೆಯೇ ಅರ್ಥವಾಗುತ್ತವೆ. ಅದೀಗ ಲಂಡನ್ನಿನ ಟೇಟ್ ಕಲಾ ಸಂಗ್ರಹಾಲಯದ ಸಂಗ್ರಹದಲ್ಲಿದೆ. ಮೂರು ಗೋಡೆಗಳ ಮಳಿಗೆಗೆ ಇಂಥ ಕೆಲಸ ಬಗ್ಗುವುದಿಲ್ಲ, ಬಗ್ಗಬೇಕಾಗಿಯೂ ಇಲ್ಲ.

ಮೇಳಗಳನ್ನು ನಡೆಸುವವರಿಗೂ ಈ ಇಕ್ಕಟ್ಟು ಗೊತ್ತು. 1970ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಗ್ಯಾಲರಿ ನಡೆಸುವವರು ಸೇರಿ ಆರಂಭಿಸಿದ ಆರ್ಟ್ ಬಾಸೆಲ್ ಕಲಾಮೇಳ, 2000ದಲ್ಲಿ 'ಅನ್‌ಲಿಮಿಟೆಡ್' ಎಂಬ ಪ್ರತ್ಯೇಕ ವಿಭಾಗವನ್ನು ತೆರೆದು, ಮಳಿಗೆಯಲ್ಲಿ ಹಿಡಿಸದ ಬೃಹತ್ ಕೃತಿಗಳಿಗೂ ವಿಡಿಯೊಗಳಿಗೂ ಒಂದು ದೊಡ್ಡ ಸಭಾಂಗಣವನ್ನೇ ಬಿಟ್ಟುಕೊಟ್ಟಿತು. ಓಖ್ಲಾದಲ್ಲಿ ಡೇರೆಗಳ ಹೊರಗಿನ ಬಯಲು ಆ ಕೆಲಸ ಮಾಡುತ್ತದೆ.

ಓಖ್ಲಾದ ಈ ಮೇಳದ ಹುಟ್ಟಿನ ಕಾಲವನ್ನೂ ಒಮ್ಮೆ ನೆನೆಯಬೇಕು. 2008ರ ಆಗಸ್ಟ್‌ನಲ್ಲಿ, 'ಇಂಡಿಯಾ ಆರ್ಟ್ ಸಮ್ಮಿಟ್' ಎಂಬ ಹೆಸರಿನಲ್ಲಿ, ಪ್ರಗತಿ ಮೈದಾನದಲ್ಲಿ 34 ಗ್ಯಾಲರಿಗಳೊಂದಿಗೆ ನೇಹಾ ಕಿರ್ಪಾಲ್ ಅವರು ಇದನ್ನು ಆರಂಭಿಸಿದರು. ದಾಳಿಯ ಭಯದಿಂದ ಆ ವರ್ಷ, ಹಿಂದೂ ದೇವತೆಗಳನ್ನು ಚಿತ್ರಿಸಿದ ರೀತಿಗೆ ವಿರೋಧ ಎದುರಿಸಿ ಆಗ ದೇಶದ ಹೊರಗಿದ್ದ ಚಿತ್ರಕಾರ ಎಂ.ಎಫ್. ಹುಸೇನ್ ಅವರ ಒಂದೇ ಒಂದು ಚಿತ್ರವನ್ನೂ ಅಲ್ಲಿ ತೂಗುಹಾಕಲಿಲ್ಲ. 2011ರ ಜನವರಿಯಲ್ಲಿ ಅವರ ಕೃತಿಗಳು ಬಂದವು; ಬೆದರಿಕೆಗಳು ಬಂದ ಕಾರಣ ಗೋಡೆಯಿಂದ ಇಳಿದವು; ಭದ್ರತೆಯ ಭರವಸೆ ಸಿಕ್ಕ ಮೇಲೆ ಮತ್ತೆ ಗೋಡೆಯೇರಿದವು. ಅದೇ ವರ್ಷದ ಜೂನ್‌ನಲ್ಲಿ ಹುಸೇನ್ ಲಂಡನ್ನಿನಲ್ಲಿ ತೀರಿಕೊಂಡರು. ತಮ್ಮ ದೇಶದ ರಾಜಧಾನಿಯಲ್ಲಿ ತಮ್ಮ ಚಿತ್ರಗಳು ಹೀಗೆ ಇಳಿದು ಏರಿದ ದಿನಗಳಲ್ಲಿ ಅವರು ಇಲ್ಲಿರಲು ಆಗಲಿಲ್ಲವೆಂಬುದು ನನಗೆ ಇಂದಿಗೂ ನೋವಿನ ಸಂಗತಿ. 2012ರಲ್ಲಿ ಮೇಳ ಈಗಿನ ಹೆಸರನ್ನು ಪಡೆದು ಓಖ್ಲಾಕ್ಕೆ ಬಂತು.

ಈ ದೃಶ್ಯಗಳಲ್ಲಿ ಮಳಿಗೆಯ ಗೋಡೆಗಳತ್ತ ಗಮನ ಕೊಡಿ. ಬೆಲೆಯ ಚೀಟಿ ಎಲ್ಲೂ ಕಾಣಿಸುವುದಿಲ್ಲ; ಮಾರಾಟವಾದ ಕೃತಿಯ ಹೆಸರಿನ ಪಕ್ಕ ಕೆಲವರು ಕೆಂಪು ಚುಕ್ಕೆ ಅಂಟಿಸುತ್ತಾರೆ. ಬೆಲೆ ಕೇಳಲು ಸಂಕೋಚಪಡಬೇಕಾಗಿಲ್ಲ. ಅದಕ್ಕಿಂತ ಹೆಚ್ಚು ಉಪಯುಕ್ತವಾದ ಪ್ರಶ್ನೆಗಳಿವೆ: ಇದನ್ನು ಯಾವುದರಿಂದ ಮಾಡಿದ್ದಾರೆ, ಎಷ್ಟು ಜನ ಸೇರಿ ಮಾಡಿದ್ದಾರೆ, ಎಲ್ಲಿ ಮಾಡಿದ್ದಾರೆ? ಜನಜಂಗುಳಿ ಕಡಿಮೆಯಿರುವ ಬೆಳಗಿನ ಹೊತ್ತಿನಲ್ಲಿ ಮಳಿಗೆಯ ಯುವ ಸಿಬ್ಬಂದಿ ಈ ಪ್ರಶ್ನೆಗಳಿಗೆ ಬಹಳ ಪ್ರೀತಿಯಿಂದ ಉತ್ತರಿಸುತ್ತಾರೆ. ಪೆಟ್ಟಿಗೆ ತೆರೆದ ಕೂಡಲೇ ಕೃತಿಯ ಒಂದೊಂದು ಮೂಲೆಯನ್ನೂ ಪರೀಕ್ಷಿಸಿ ಸ್ಥಿತಿಗತಿಯನ್ನು ಬರೆದಿಡುವವರು, ರಸಮಟ್ಟ ಹಿಡಿದು ಚೌಕಟ್ಟನ್ನು ನೇರ ಮಾಡುವವರು, ರಾತ್ರಿಯಿಡೀ ಗೋಡೆಗೆ ಬಣ್ಣ ಬಳಿದವರು, ಇವರ ಹೆಸರುಗಳು ಯಾವ ಫಲಕದಲ್ಲೂ ಇರುವುದಿಲ್ಲ. ಅವರ ಕೈಚಳಕವಿಲ್ಲದೆ ಇಲ್ಲಿ ಒಂದು ಕೃತಿಯೂ ನಿಲ್ಲುವುದಿಲ್ಲ.

ಮೈಸೂರಿನ ಎನ್.ಎಸ್. ಹರ್ಷ ಅವರ ಕ್ಯಾನ್ವಾಸುಗಳು ಆತುರದ ನೋಟಕ್ಕೆ ಏನನ್ನೂ ಬಿಟ್ಟುಕೊಡುವುದಿಲ್ಲ. 'ಕಮ್ ಗಿವ್ ಅಸ್ ಎ ಸ್ಪೀಚ್' ಎಂಬ 2008ರ ಕೃತಿಯಲ್ಲಿ ಸಾಲುಸಾಲು ಕುರ್ಚಿಗಳಲ್ಲಿ ಸಾವಿರಾರು ಜನ ನಮ್ಮತ್ತ ಮುಖಮಾಡಿ ಕುಳಿತಿದ್ದಾರೆ, ಒಬ್ಬರಂತೆ ಇನ್ನೊಬ್ಬರಿಲ್ಲ. ಹಬ್ಬದೂಟದ ಪಂಕ್ತಿಯಲ್ಲಿ ಬಡಿಸುತ್ತಾ ಹೋಗುವವರು ಪ್ರತಿಯೊಂದು ಎಲೆಯ ಮುಂದೆಯೂ ಬಾಗುವಂತೆ, ಅವರ ಚಿತ್ರದ ಮುಂದೆ ಕಣ್ಣು ಪ್ರತಿಯೊಬ್ಬರ ಬಳಿಯೂ ನಿಂತು ಸಾಗಬೇಕಾಗುತ್ತದೆ. ಕುಂದಾಪುರದ ಬಳಿಯ ಕೋಟೇಶ್ವರದ ಎಲ್.ಎನ್. ತಲ್ಲೂರು ಅವರ ದಾರಿ ಬೇರೆಯದು. ಹಣದ ಭಯವನ್ನು ಕುರಿತ ಅವರ ಒಂದು ಕೃತಿಯಲ್ಲಿ ನೋಡುಗರೇ ಸುತ್ತಿಗೆ ಹಿಡಿದು ಮರದ ದಿಮ್ಮಿಗೆ ನಾಣ್ಯಗಳನ್ನು ಬಡಿದು ಸೇರಿಸಬೇಕು. ಬೆಂಗಳೂರಿನ ಪುಷ್ಪಮಾಲಾ ಎನ್. ಅವರು ಶಿಲ್ಪಿಯಾಗಿ ತರಬೇತಿ ಪಡೆದು, ಬಳಿಕ ತಾವೇ ವೇಷ ಧರಿಸಿ ಕ್ಯಾಮೆರಾದ ಮುಂದೆ ನಿಂತವರು. ರವಿವರ್ಮನ ಲಕ್ಷ್ಮಿಯಿಂದ ಹಿಡಿದು ವಸಾಹತುಕಾಲದ ಜನಾಂಗ ಅಧ್ಯಯನದ ಫೋಟೊಗಳವರೆಗೆ ದಕ್ಷಿಣ ಭಾರತದ ಹೆಣ್ಣನ್ನು ಚಿತ್ರಗಳು ಹೇಗೆ ರೂಪಿಸಿದವು ಎಂಬುದನ್ನು ಛಾಯಾಗ್ರಾಹಕಿ ಕ್ಲೇರ್ ಆರ್ನಿ ಅವರೊಂದಿಗೆ ಮಾಡಿದ ಸರಣಿಯಲ್ಲಿ ಅವರು ಒಂದೊಂದಾಗಿ ಬಿಡಿಸಿ ತೋರಿಸಿದ್ದಾರೆ. ಛಾಯಾಚಿತ್ರದಲ್ಲಿ ಒಂದು ಅನುಕೂಲವಿದೆ. ಒಂದೇ ಚಿತ್ರದ ಸಂಖ್ಯೆ ನಮೂದಿಸಿದ ಕೆಲವು ಪ್ರತಿಗಳಿರುವುದರಿಂದ, ಒಂದು ಪ್ರತಿ ಖಾಸಗಿಯವರ ಪಾಲಾದರೂ ಇನ್ನೊಂದು ವಸ್ತುಸಂಗ್ರಹಾಲಯಕ್ಕೆ ಹೋಗುವ ಅವಕಾಶ ಉಳಿಯುತ್ತದೆ.

ಒಂದೇ ಪ್ರತಿಯಿರುವ ಚಿತ್ರ, ಶಿಲ್ಪಗಳ ವಿಷಯದಲ್ಲಿ ಆ ಅವಕಾಶವಿಲ್ಲ, ಕೊಳ್ಳಲಾಗದ ನಾವೇಕೆ ಹೋಗಬೇಕು ಎಂಬ ಮೊದಲಿನ ಪ್ರಶ್ನೆಗೆ ನನ್ನ ಉತ್ತರವಿರುವುದೂ ಇಲ್ಲಿಯೇ. ಮೇಳದಲ್ಲಿ ಮಾರಾಟವಾದ ಕ್ಯಾನ್ವಾಸು ಒಂದು ಮನೆಗೆ, ಒಂದು ಕಚೇರಿಗೆ, ಅಥವಾ ಹವಾನಿಯಂತ್ರಿತ ಉಗ್ರಾಣಕ್ಕೆ ಹೋಗುತ್ತದೆ. ಕಲಾವಿದರ ಸ್ಟುಡಿಯೊದಿಂದ ಕೊಂಡವರ ಮನೆಗೆ ಹೋಗುವ ದಾರಿಯಲ್ಲಿ ಅದು ನಮ್ಮೆಲ್ಲರ ಕಣ್ಣಮುಂದೆ ನಿಲ್ಲುವುದು ಬಹುಮಟ್ಟಿಗೆ ಈ ಕೆಲವು ದಿನ ಮಾತ್ರ. ಸಾರ್ವಜನಿಕ ಸಂಗ್ರಹ ಸೇರಿದರೆ ಸರಿ, ಇಲ್ಲವಾದರೆ ಆ ಕೃತಿಯನ್ನು ಇನ್ನೊಮ್ಮೆ ಕಾಣುವ ಭಾಗ್ಯ ನಮಗಿಲ್ಲ. ಆದ್ದರಿಂದ ಕೊಳ್ಳಲಾಗದವರೇ ಇಲ್ಲಿಗೆ ಹೆಚ್ಚು ಬರಬೇಕು, ಮೂರು ನಾಲ್ಕು ಕೃತಿಗಳ ಮುಂದಾದರೂ ಕಾಲೂರಿ ನಿಲ್ಲಬೇಕು.

ಕೃತಿ ಮುಂದೆ ಕೈಬದಲಾದಾಗ ಕಲಾವಿದರಿಗೆ ಏನು ಸಿಗುತ್ತದೆ ಎಂದೂ ಕೇಳಬೇಕು. ನಮ್ಮ ಕೃತಿಸ್ವಾಮ್ಯ ಕಾಯ್ದೆಗೆ 1994ರ ತಿದ್ದುಪಡಿಯಲ್ಲಿ ಸೇರಿದ 53ಎ ಕಲಮು, ಹತ್ತು ಸಾವಿರ ರೂಪಾಯಿ ಮೀರಿದ ಬೆಲೆಗೆ ಮೂಲಕೃತಿ ಮರುಮಾರಾಟವಾದರೆ, ಕೃತಿಸ್ವಾಮ್ಯದ ಮೊದಲ ಒಡೆಯರಾದ ಕಲಾವಿದರಿಗೆ ಅಥವಾ ಅವರ ವಾರಸುದಾರರಿಗೆ ಆ ಬೆಲೆಯ ಶೇಕಡಾ 10ನ್ನು ಮೀರದ ಪಾಲಿನ ಹಕ್ಕನ್ನು ಕೊಡುತ್ತದೆ. 2025ರ ಮಾರ್ಚ್‌ನಲ್ಲಿ ಹುಸೇನರ 'ಗ್ರಾಮ ಯಾತ್ರಾ' ನ್ಯೂಯಾರ್ಕಿನ ಹರಾಜಿನಲ್ಲಿ 1.3 ಕೋಟಿ ಡಾಲರಿಗೂ ಹೆಚ್ಚಿಗೆ ಹೋದಾಗ ಪತ್ರಿಕೆಗಳೆಲ್ಲ ಬೆಲೆಯನ್ನೇ ಬರೆದವು. ಕಲೆ ಕಲಿಯುತ್ತಿರುವ ವಿದ್ಯಾರ್ಥಿಗಳಿಗೆ ಆ ಅಂಕಿಗಿಂತ ಈ ಕಲಮು ಹೆಚ್ಚು ಪರಿಚಯವಾಗಬೇಕು.

ಬೆಂಗಳೂರಿನಲ್ಲಿ ಮಾಣಿಕ್ಯವೇಲು ಭವನದ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯ 2009ರಿಂದ ತೆರೆದಿದೆ. ಕಸ್ತೂರಬಾ ರಸ್ತೆಯಲ್ಲಿ 2023ರಿಂದ ಮ್ಯಾಪ್, ಅಂದರೆ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿ ಇದೆ. ಅದೇ ರಸ್ತೆಯ ವೆಂಕಟಪ್ಪ ಕಲಾ ಗ್ಯಾಲರಿಯ ಗೋಡೆಗಳನ್ನು ನಮ್ಮ ಎಷ್ಟೋ ಕಲಾವಿದರು ಅಲ್ಪ ಬಾಡಿಗೆಗೆ ಪಡೆದು ಮೊದಲ ಪ್ರದರ್ಶನ ಮಾಡಿದ್ದಾರೆ. ಓಖ್ಲಾದಂಥ ಮೇಳಗಳಿಗೆ ನಮ್ಮ ರಾಜ್ಯದ ಸಾರ್ವಜನಿಕ ಸಂಸ್ಥೆಗಳು ಅತಿಥಿಗಳಾಗಿ ಬಂದರೆ ಸಾಲದು, ಕೊಳ್ಳುವವರಾಗಿಯೂ ಬರಬೇಕೆಂಬುದು ನನ್ನ ಒತ್ತಾಯ. ಹೆಸರಾದವರ ದುಬಾರಿ ಕೃತಿಗಳಿಂದಲೇ ಆರಂಭಿಸಬೇಕಾಗಿಲ್ಲ. ಈಗಷ್ಟೇ ಮೈಸೂರಿನ ಕಲಾಶಾಲೆಯಾದ ಕಾವಾದಿಂದ, ಚಿತ್ರಕಲಾ ಪರಿಷತ್ತಿನಿಂದ ಕಲಿತು ಹೊರಬಂದು, ಯಾವುದೋ ಗ್ಯಾಲರಿಯ ಮಳಿಗೆಯ ಮೂಲೆಯಲ್ಲಿ ಒಂದೆರಡು ಕೃತಿಗಳನ್ನು ಇಟ್ಟಿರುವವರಿಂದ ಕೊಳ್ಳಲು ತೊಡಗಿದರೆ, ಕಲಬುರಗಿಯ, ಧಾರವಾಡದ, ಶಿವಮೊಗ್ಗದ ಮಕ್ಕಳು ದೆಹಲಿಗೆ ಹೋಗದೆಯೇ ಆ ಕೃತಿಗಳ ಮುಂದೆ ನಿಲ್ಲಬಹುದು.