ಆಡಿಟರ್ ಆಫೀಸಿನಲ್ಲಿ ಮುಂದಿನ ಪಾಲುದಾರರು

ಕೇಳುಗರಿಗೆ ನಮಸ್ಕಾರ.

ಹುಬ್ಬಳ್ಳಿಯಾಗಲಿ ಮಂಗಳೂರಾಗಲಿ, ಇಬ್ಬರು ಪಾಲುದಾರರು, ಎಂಟು ಹತ್ತು ಸಿಬ್ಬಂದಿ ಇರುವ ಯಾವುದೇ ಆಡಿಟರ್ ಆಫೀಸಿಗೆ ಹೋಗಿ ನೋಡಿ. ಸಿ.ಎ. ಪಾಸಾಗಿ ನಾಲ್ಕೈದು ವರ್ಷದಿಂದ ಅಲ್ಲೇ ದುಡಿಯುತ್ತಿರುವ ಒಬ್ಬರಾದರೂ ಇರುತ್ತಾರೆ. ಫೈಲು ನೋಡುವುದು ಅವರೇ, ಆರ್ಟಿಕಲ್ ಹುಡುಗರಿಗೆ, ಅಂದರೆ ಸಿ.ಎ. ಓದುತ್ತಾ ಆಫೀಸಿನಲ್ಲಿ ತರಬೇತಿ ಪಡೆಯುವವರಿಗೆ, ಕೆಲಸ ಹಂಚುವುದೂ ಅವರೇ. ಆದರೆ ಕ್ಲೈಂಟ್ ಫೋನ್ ಮಾಡುವುದು ಮಾತ್ರ ಹಿರಿಯ ಆಡಿಟರಿಗೆ. ಇಂಥವರು ಆ ಆಫೀಸಿನಲ್ಲೇ ಪಾಲುದಾರರಾಗಿ ಬೆಳೆಯುವುದು ಹೇಗೆ, ಅದಕ್ಕೆ ಹಿರಿಯರು ಏನು ಮಾಡಬೇಕು ಎನ್ನುವುದು ಇವತ್ತಿನ ವಿಷಯ.

ಕೆಲಸ ಕಲಿಸುವ ಹಿರಿಯರಿಗೆ ಈ ವೃತ್ತಿಯಲ್ಲಿ ಬರವಿಲ್ಲ. ಆರ್ಟಿಕಲ್‌ಶಿಪ್ ಎನ್ನುವ ಪದ್ಧತಿ ಇರುವುದೇ ಅದಕ್ಕೆ. ಮೂರು ವರ್ಷವಿದ್ದ ಅದರ ಅವಧಿ ಸಿ.ಎ. ಶಿಕ್ಷಣದ 2023ರ ಹೊಸ ಯೋಜನೆಯಲ್ಲಿ ಎರಡು ವರ್ಷಕ್ಕೆ ಇಳಿದಿದೆ. ತೊಡಕು ಬರುವುದು ಕಲಿಸುವುದರಲ್ಲಿ ಅಲ್ಲ, ಬಿಟ್ಟುಕೊಡುವುದರಲ್ಲಿ. ಕ್ಲೈಂಟಿನ ನಂಬಿಕೆ, ಫೀಸಿನ ಮಾತು, ವರದಿಯ ಮೇಲಿನ ಸಹಿ, ಸಣ್ಣ ಆಫೀಸಿನಲ್ಲಿ ಅಧಿಕಾರ ಇರುವುದು ಇವುಗಳಲ್ಲಿ. ಇವು ಕೈ ಬದಲಾಗದಿದ್ದರೆ ವಿಸಿಟಿಂಗ್ ಕಾರ್ಡಿನ ಮೇಲೆ ಮ್ಯಾನೇಜರ್ ಅಂತ ಅಚ್ಚು ಹಾಕಿಸಿ ಏನೂ ಪ್ರಯೋಜನವಿಲ್ಲ.

ಇದಕ್ಕೆ ಎರಡರಿಂದ ಮೂರು ವರ್ಷ ಬೇಕು. ಶುರು ಮಾಡುವ ಕಾಲವೂ ಮುಖ್ಯ. ಜುಲೈ ಬಂದರೆ ರಿಟರ್ನು, ಸೆಪ್ಟೆಂಬರ್ 30ಕ್ಕೆ ತೆರಿಗೆ ಆಡಿಟ್ ವರದಿ, ಡಿಸೆಂಬರ್ 31ಕ್ಕೆ ಜಿಎಸ್‌ಟಿ ವಾರ್ಷಿಕ ರಿಟರ್ನು, ಏಪ್ರಿಲ್‌ನಲ್ಲಿ ಬ್ಯಾಂಕ್ ಶಾಖೆಗಳ ಆಡಿಟ್. ಸೆಪ್ಟೆಂಬರ್‌ನಲ್ಲಿ ಕೂತು ಮಾತಾಡೋಣ ಅಂದವರು ಮಾತಾಡುವುದಿಲ್ಲ. ಜನವರಿ, ಫೆಬ್ರವರಿಯಲ್ಲಿ ಶುರು ಮಾಡಿ. ಹದಿನೈದು ದಿನಕ್ಕೊಮ್ಮೆ ಮುಕ್ಕಾಲು ಗಂಟೆ, ಬಾಗಿಲು ಹಾಕಿ, ಫೋನು ಹೊರಗಿಟ್ಟು ಹಿರಿಯರು, ಕಿರಿಯರು ಇಬ್ಬರೇ ಕೂರಬೇಕು. ಯಾವ ಫೈಲು ಎಲ್ಲಿಗೆ ಬಂತು ಎಂಬ ವಿಚಾರಣೆ ಅಲ್ಲಿ ಬೇಡ, ಅದು ದಿನವೂ ನಡೆಯುವಂಥದ್ದು. ಯಾವ ಕ್ಲೈಂಟಿಗೆ ಏನು ಹೇಳಿದಿರಿ, ಏನು ಹೇಳಲು ಹಿಂಜರಿದಿರಿ, ಯಾಕೆ, ಇಷ್ಟೇ ಇರಲಿ.

ರಿವ್ಯೂ ಮಾಡುವ ರೀತಿಯಿಂದಲೇ ಬದಲಾವಣೆ ಶುರುವಾಗಬೇಕು. ಎಷ್ಟೋ ಹಿರಿಯರು ತಪ್ಪು ಕಂಡ ಕೂಡಲೇ ತಾವೇ ತಿದ್ದಿಬಿಡುತ್ತಾರೆ. ಆ ಹೊತ್ತಿಗೆ ಸಮಯ ಉಳಿಯುತ್ತದೆ ನಿಜ, ಆದರೆ ಮುಂದಿನ ವರ್ಷ ಅದೇ ತಪ್ಪು ಮತ್ತೆ ಬರುತ್ತದೆ. ತಿದ್ದಬಾರದು, ಪ್ರಶ್ನೆ ಬರೆದು ಫೈಲು ವಾಪಸು ಕಳಿಸಬೇಕು. ‘ಸರಕಿನ ಮೌಲ್ಯ ಕಳೆದ ವರ್ಷಕ್ಕಿಂತ ಇಷ್ಟು ಏರಿದೆ, ಮಾರಾಟ ಏರಿಲ್ಲ, ಕಾರಣವೇನು?’ ಅಂತ ಕೇಳಬೇಕು. ಒಂದೇ ಪ್ರಶ್ನೆ ಮೂರು ಫೈಲಿನಲ್ಲಿ ಬಂದರೆ ಅದು ಆಫೀಸಿನ ಚೆಕ್‌ಲಿಸ್ಟಿಗೆ ಸೇರಬೇಕು, ಸೇರಿಸುವ ಹೊಣೆ ಕಿರಿಯರದು.

ಮೊದಲ ವರ್ಷದಲ್ಲಿ ಇನ್ನೊಂದು ಅಭ್ಯಾಸ. ಹಿರಿಯರು ಸಹಿ ಹಾಕುವ ಮೊದಲು ಪ್ರತಿ ಆಡಿಟಿಗೂ ಕಿರಿಯರು ಒಂದು ಪುಟದ ಟಿಪ್ಪಣಿ ಬರೆದುಕೊಡಬೇಕು. ಒಬ್ಬರಿಗೇ ಒಂದೇ ದಿನ 10,000 ರೂಪಾಯಿ ಮೀರಿದ ನಗದು ಪಾವತಿ ಇದೆಯೇ, 20,000 ಅಥವಾ ಅದಕ್ಕೂ ಹೆಚ್ಚಿನ ಸಾಲ ನಗದಿನಲ್ಲಿ ಬಂದಿದೆಯೇ, ಮನೆಯವರ ಜೊತೆ ವ್ಯವಹಾರವಿದೆಯೇ, ಸರಕು ಎಣಿಸಿದವರು ಯಾರು. ಕೊನೆಯ ಸಾಲಿನಲ್ಲಿ, ನಾನೇ ಸಹಿ ಹಾಕುವುದಿದ್ದರೆ ಹಾಕುತ್ತಿದ್ದೆನೇ ಇಲ್ಲವೇ ಎಂದು ಬರೆಯಬೇಕು. ಆ ಸಾಲು ಬರೆಯಲು ಕೈ ತಡೆಯುವ ಜಾಗದಲ್ಲೇ ಕಲಿಯುವುದು ಬಾಕಿ ಇರುತ್ತದೆ.

ಇನ್ನು ಕ್ಲೈಂಟ್ ಹಸ್ತಾಂತರ. ಎಲ್ಲಕ್ಕಿಂತ ಹೆಚ್ಚು ಎಡವುವುದು ಇಲ್ಲಿ. ಅತಿ ದೊಡ್ಡ ಕ್ಲೈಂಟನ್ನು ಮೊದಲು ಕೊಡಬೇಡಿ. ಮೂವತ್ತು ವರ್ಷದ ಸ್ನೇಹದವರನ್ನೂ ಬೇಡ, ಅವರು ಬರುವುದೇ ಹಿರಿಯರ ಮುಖ ನೋಡಿ. ಮಧ್ಯಮ ಗಾತ್ರದ ಎಂಟು ಹತ್ತು ಕ್ಲೈಂಟ್ ಆರಿಸಿ. ಅಪ್ಪನಿಂದ ಮಗನಿಗೋ ಮಗಳಿಗೋ ವ್ಯಾಪಾರ ದಾಟುತ್ತಿರುವ ಕಡೆ ಆದರೆ ಇನ್ನೂ ಒಳ್ಳೆಯದು, ಅಲ್ಲಿ ಎರಡೂ ಕಡೆ ಹೊಸಬರೇ. ಮೊದಲ ಭೇಟಿಯಲ್ಲಿ ಕಿರಿಯರು ಟಿಪ್ಪಣಿ ಮಾಡಿಕೊಳ್ಳಲಿ. ಎರಡನೆಯದರಲ್ಲಿ ಲೆಕ್ಕಪತ್ರವನ್ನು ಅವರೇ ವಿವರಿಸಲಿ. ಮೂರನೆಯದರಲ್ಲಿ ಪೂರ್ತಿ ಮಾತು ಅವರದೇ, ಹಿರಿಯರು ಸುಮ್ಮನೆ ಕೂರಬೇಕು. ಈ ಸುಮ್ಮನೆ ಕೂರುವುದು ಅನುಭವಿ ಆಡಿಟರಿಗೆ ಸುಲಭವಲ್ಲ ಬಿಡಿ. ನಾಲ್ಕನೆಯ ಭೇಟಿಗೆ ಹಿರಿಯರು ಹೋಗಲೇಬಾರದು.

ಆಮೇಲೂ ಕ್ಲೈಂಟ್ ಹಳೇ ನಂಬರಿಗೇ ಫೋನ್ ಮಾಡುತ್ತಾರೆ. ಉತ್ತರ ಗೊತ್ತಿದ್ದರೂ ಹಿರಿಯರು ಹೇಳಬೇಕಾದದ್ದು ಇಷ್ಟೇ: ‘ಅದನ್ನ ಈಗ ಅವರೇ ನೋಡ್ಕೊಳ್ತಾರೆ, ಹತ್ತು ನಿಮಿಷದಲ್ಲಿ ನಿಮಗೆ ಫೋನ್ ಮಾಡ್ತಾರೆ.’ ಒಮ್ಮೆ ತಾವೇ ಉತ್ತರಿಸಿದರೆ ಮೂರು ತಿಂಗಳ ಕೆಲಸ ನೀರುಪಾಲು. ಹತ್ತು ನಿಮಿಷ ಅಂದಮೇಲೆ ಕಿರಿಯರು ಹತ್ತೇ ನಿಮಿಷದಲ್ಲಿ ಮಾಡಬೇಕು, ಅದೂ ಅಷ್ಟೇ ಮುಖ್ಯ.

ನೋಟಿಸು ಬಂದಾಗ ಪರೀಕ್ಷೆ ಇನ್ನೂ ಕಠಿಣ. ಜಿಎಸ್‌ಟಿ ರಿಟರ್ನಿನ ಪರಿಶೀಲನೆಗೆ ಎಎಸ್‌ಎಂಟಿ-10 ನೋಟಿಸು ಬಂದರೆ ಉತ್ತರಕ್ಕೆ ಹೆಚ್ಚೆಂದರೆ 30 ದಿನ. ಮೂರನೆಯ ದಿನದೊಳಗೆ ಕಿರಿಯರು ವ್ಯತ್ಯಾಸ ಎಲ್ಲಿ, ಮೊತ್ತ ಎಷ್ಟು, ದಾಖಲೆ ಏನಿದೆ ಎಂದು ಒಂದು ಪುಟ ಬರೆಯಲಿ. ಹತ್ತನೆಯ ದಿನಕ್ಕೆ ಕರಡು ಬರಲಿ. ಹದಿನೈದಕ್ಕೆ ಹಿರಿಯರು ಅಧಿಕಾರಿಯ ಜಾಗದಲ್ಲಿ ಕೂತು ಪ್ರಶ್ನೆ ಕೇಳಲಿ. ಸಾಮಾನ್ಯವಾಗಿ ನಡೆಯುವುದು ಬೇರೆ: ಇಪ್ಪತ್ತೆಂಟನೆಯ ದಿನ ರಾತ್ರಿ ಹಿರಿಯರೇ ಕೂತು ಎಲ್ಲವನ್ನೂ ಬರೆದು ಮುಗಿಸುತ್ತಾರೆ.

ಫೀಸಿನ ಮಾತು ಕೊನೆಗೆ ಬರುತ್ತದೆ, ಹಲವು ಕಡೆ ಬರುವುದೇ ಇಲ್ಲ. ಕಿರಿಯರಿಗೆ ಆಫೀಸಿನ ಲೆಕ್ಕ ತೋರಿಸಲು ಹಿರಿಯರಿಗೆ ಮುಜುಗರ. ಆದರೆ ಲೆಕ್ಕ ಸರಳ. ಸಂಬಳ, ಬಾಡಿಗೆ, ಸಾಫ್ಟ್‌ವೇರ್ ಸೇರಿ ತಿಂಗಳ ಖರ್ಚು 4 ಲಕ್ಷ ಅಂತಿಟ್ಟುಕೊಳ್ಳಿ. ಎಂಟು ಸಿಬ್ಬಂದಿ, ತಲಾ 125 ಗಂಟೆ ಕ್ಲೈಂಟ್ ಕೆಲಸ, ಒಟ್ಟು 1,000 ಗಂಟೆ. ಗಂಟೆಗೆ 400 ರೂಪಾಯಿ ಬಿತ್ತು. ವರ್ಷಕ್ಕೆ 60,000 ಫೀಸು ಕೊಡುವ ಕ್ಲೈಂಟಿಗೆ 140 ಗಂಟೆ ಹಿಡಿದರೆ ಖರ್ಚೇ 56,000. ಉಳಿದ 4,000ದಲ್ಲಿ ಪಾಲುದಾರರ ಸಮಯವೂ ಬರಬೇಕು. ಆ 140ರಲ್ಲಿ 30 ಗಂಟೆ ಬಿಲ್ಲು, ಬ್ಯಾಂಕ್ ಸ್ಟೇಟ್‌ಮೆಂಟ್ ತಡವಾಗಿ ಬಂದದ್ದಕ್ಕೇ ಹೋಗಿದ್ದರೆ 12,000 ರೂಪಾಯಿ ಅಲ್ಲೇ ಸೋರಿತು. ಕಾಗದಗಳು ಆಗಸ್ಟ್ 15ರೊಳಗೆ ಬಂದರೆ ಇದೇ ಫೀಸು, ಇಲ್ಲವಾದರೆ ಇಷ್ಟು ಹೆಚ್ಚು ಎನ್ನುವುದನ್ನು ಕೆಲಸ ಒಪ್ಪಿಕೊಳ್ಳುವಾಗ ಕೊಡುವ ಎಂಗೇಜ್‌ಮೆಂಟ್ ಪತ್ರದಲ್ಲೇ ಬರೆದು, ಕ್ಲೈಂಟ್ ಎದುರು ಕೂತು ಹೇಳುವವರು ಕಿರಿಯರಾಗಿರಬೇಕು. 90 ದಿನ ದಾಟಿದ ಬಾಕಿಗೆ ಫೋನ್ ಮಾಡುವುದೂ ಅವರೇ. ಬಾಕಿ ಕೇಳಲು ಸಂಕೋಚಪಡುವವರ ಕೈಗೆ ಆಫೀಸು ಕೊಟ್ಟರೆ ಒಳ್ಳೆಯ ಹೆಸರು ಬಂದೀತು, ಸಂಬಳಕ್ಕೆ ದುಡ್ಡು ಇರುವುದಿಲ್ಲ.

ಆಫೀಸಿನ ಒಳಗೂ ಒಂದು ಸೂಕ್ಷ್ಮವಿದೆ. ಸಿ.ಎ. ಅಲ್ಲದ, ಇಪ್ಪತ್ತು ವರ್ಷದಿಂದ ಅಲ್ಲೇ ಇರುವ ಹಿರಿಯ ಅಕೌಂಟೆಂಟರು ಇರುತ್ತಾರೆ. ಯಾವ ಕ್ಲೈಂಟ್ ಯಾವ ಡಬ್ಬಿಯಲ್ಲಿ ಬಿಲ್ಲು ಇಡುತ್ತಾರೆ ಅನ್ನುವುದೂ ಅವರಿಗೆ ಗೊತ್ತು. ಅವರು ಕಲಿಸಿದ ಹುಡುಗನೋ ಹುಡುಗಿಯೋ ನಾಳೆ ಅವರಿಗೇ ಮೇಲಾಗುತ್ತಾರೆ. ಈ ಸುದ್ದಿ ಅವರಿಗೆ ಹಿರಿಯ ಪಾಲುದಾರರ ಬಾಯಿಂದ, ಉಳಿದವರಿಗಿಂತ ಮೊದಲು ತಿಳಿಯಬೇಕು.

ಹೆಣ್ಣುಮಕ್ಕಳ ವಿಷಯದಲ್ಲಿ ಅಡ್ಡಿ ಕಾಳಜಿಯ ರೂಪದಲ್ಲೇ ಬರುತ್ತದೆ. ದೂರದ ಗೋದಾಮಿನ ಸರಕು ಎಣಿಕೆಗೆ ಬೇಡಮ್ಮ, ಸಂಜೆಯ ಭೇಟಿಗೆ ಬೇಡಮ್ಮ ಅನ್ನುತ್ತಾ ಐದು ವರ್ಷ ಕಳೆದರೆ, ಕ್ಲೈಂಟಿನ ಕಣ್ಣಿಗೆ ಅವರು ಬಿದ್ದೇ ಇರುವುದಿಲ್ಲ. ಬೇಕೋ ಬೇಡವೋ ಎಂದು ಅವರನ್ನೇ ಕೇಳಿ, ಕಾರು ಗೊತ್ತುಮಾಡಿ ಕಳಿಸಿ.

ಪಾಲುದಾರಿಕೆಯ ಮಾತು ಬಂದಾಗ ಕಿರಿಯರೂ ಬಾಯಿ ಬಿಡಬೇಕು. ಹಿರಿಯರ ಮಗ ಸಿ.ಎ. ಓದುತ್ತಿದ್ದರೆ, ಅವನು ಬಂದ ಮೇಲೆ ನನ್ನ ಪಾಲೇನು ಅಂತ ಕೇಳುವುದು ಅವಿನಯವಲ್ಲ. ಮೂರು ವರ್ಷದ ಲೆಕ್ಕ, ಬಾಕಿ ಪಟ್ಟಿ, ಆಫೀಸಿನ ಮೇಲಿರುವ ನೋಟಿಸು ನೋಡಲೇಬೇಕು. 1932ರ ಪಾಲುದಾರಿಕೆ ಕಾಯ್ದೆಯಡಿ ಇರುವ ಸಂಸ್ಥೆಯಾದರೆ, ನೀವು ಪಾಲುದಾರರಾಗಿರುವಾಗ ಸಂಸ್ಥೆ ಮಾಡಿದ ಕೆಲಸದ ಹೊಣೆ ನಿಮ್ಮ ಸ್ವಂತ ಆಸ್ತಿಯ ತನಕ ಬರುತ್ತದೆ. 2008ರ ಎಲ್‌ಎಲ್‌ಪಿ, ಅಂದರೆ ಸೀಮಿತ ಹೊಣೆಗಾರಿಕೆ ಪಾಲುದಾರಿಕೆ ಕಾಯ್ದೆಯಲ್ಲಿ ಅದಕ್ಕೆ ಮಿತಿಯಿದೆ. ಆದರೆ ನಿಮ್ಮ ಸದಸ್ಯತ್ವ ಸಂಖ್ಯೆಯಲ್ಲಿ ಯುಡಿಐಎನ್, ಅಂದರೆ ಆ ದಾಖಲೆಯ ಗುರುತಿನ ಸಂಖ್ಯೆ, ಪಡೆದು ಹಾಕಿದ ಸಹಿಗೆ ಎರಡರಲ್ಲೂ ನೀವೇ ಉತ್ತರ ಹೇಳಬೇಕು.

ಕೈಗೆ ಬರುವ ಹಣದ ಲೆಕ್ಕವನ್ನೂ ಮೊದಲೇ ಹಾಕಿಕೊಳ್ಳಿ. ತಿಂಗಳ ಸಂಬಳ ನಿಂತು ಲಾಭದ ಪಾಲು ಶುರುವಾದಾಗ, ಫೀಸು ತಡವಾಗಿ ಬರುವ ಏಪ್ರಿಲ್‌ನಿಂದ ಆಗಸ್ಟ್ ತನಕ ಕೈ ಬಿಗಿ. 2025ರ ಏಪ್ರಿಲ್ 1ರಿಂದ ಪಾಲುದಾರರ ಸಂಬಳ, ಬಂಡವಾಳದ ಬಡ್ಡಿ ಎಲ್ಲ ಸೇರಿ ವರ್ಷಕ್ಕೆ 20,000 ದಾಟಿದರೆ ಶೇಕಡಾ 10 ಟಿಡಿಎಸ್, ಅಂದರೆ ಮೂಲದಲ್ಲೇ ಹಿಡಿಯುವ ತೆರಿಗೆ, ಕೂಡ ಕಡಿತವಾಗುತ್ತದೆ. ಹಾಗಾಗಿ ತಿಂಗಳಿಗೆ ಎಷ್ಟು ಎತ್ತಿಕೊಳ್ಳಬಹುದು, ಬಂಡವಾಳ ಎಷ್ಟು ಕಂತಿನಲ್ಲಿ ತರಬೇಕು, ಬಿಟ್ಟು ಹೋದರೆ ಯಾವ ಕ್ಲೈಂಟ್ ಯಾರ ಜೊತೆ ಎನ್ನುವುದು ಪಾಲುದಾರಿಕೆ ಪತ್ರದಲ್ಲೇ ಇರಲಿ. ಮುಂದೆ ನೋಡೋಣ ಎಂಬ ಉತ್ತರ ಎರಡು ಮಾರ್ಚ್ ದಾಟಿದರೆ, ಬೇರೆ ಆಫೀಸಿನಲ್ಲಿ ಮಾತಾಡಲು ಅದೇ ಸರಿಯಾದ ಸಮಯ. ಹೊಸ ತೆರಿಗೆ ಹಂಗಾಮು ಶುರುವಾಗುವ ಮೊದಲೇ ಹೇಳಿ, ಫೈಲುಗಳನ್ನು ಸರಿಯಾಗಿ ಒಪ್ಪಿಸಿ ಹೊರಡಿ.

ನಮಸ್ಕಾರ.