ಮಗನ ನಾಣ್ಯದಲ್ಲಿ ಅಪ್ಪನ ಹೆಸರು

ಗೆಳೆಯರೇ, ಮಾಟುಂಗದ ಈ ಸಭೆಗೆ ನಾನು ತಂದಿರುವುದು ಒಂದೇ ಬೆಳ್ಳಿ ನಾಣ್ಯ. ತೂಕ ಎರಡು ಗ್ರಾಂ ಆಸುಪಾಸು, ಅಗಲ ಹೆಬ್ಬೆರಳ ಉಗುರಿನಷ್ಟು. ಗುಜರಾತ್, ಮಾಳವದ ಕಡೆ ಆಳಿದ ಶಕ ಅರಸರಾದ ಪಶ್ಚಿಮ ಕ್ಷತ್ರಪರ ಕಾಲದ್ದು. ಒಂದು ಮಗ್ಗುಲಲ್ಲಿ ಅರಸನ ಮುಖ, ತಲೆಯ ಹಿಂದೆ ಶಕವರ್ಷದ ಅಂಕಿ. ಇನ್ನೊಂದು ಮಗ್ಗುಲಲ್ಲಿ ಬ್ರಾಹ್ಮಿ ಅಕ್ಷರಗಳು: ಅರಸನ ಹೆಸರು, ಅವನ ಅಪ್ಪನ ಹೆಸರು, ಇಬ್ಬರ ಬಿರುದುಗಳು. ಇಂಥವನ್ನು ಒಂದರ ಪಕ್ಕ ಒಂದು ಇಡುತ್ತ ಹೋದರೆ ಯಾರು ಯಾರ ಮಗ, ಯಾವ ವರ್ಷ ಯಾರು ಪಟ್ಟದಲ್ಲಿದ್ದರು ಎಂಬುದು ತಾನಾಗಿ ತಿಳಿಯುತ್ತದೆ. ಒಂದು ವಂಶದ ಕಥೆಯನ್ನೇ ಹೀಗೆ ಜೋಡಿಸಿದವರು ಇದೇ ಮುಂಬೈಯಲ್ಲಿದ್ದ ಪಂಡಿತ ಭಗವಾನ್‌ಲಾಲ್ ಇಂದ್ರಜಿ.

1839ರಲ್ಲಿ ಜುನಾಗಢದಲ್ಲಿ ಹುಟ್ಟಿದವರು. ಊರ ಪಕ್ಕದ, ಅಶೋಕನ ಶಾಸನವಿರುವ ಗಿರ್ನಾರ್ ಬಂಡೆಯ ಅಕ್ಷರಗಳೇ ಅವರ ಮೊದಲ ಪಾಠ. ಮುಂಬೈಯಲ್ಲಿ ಅವರಿಗೆ ಆಸರೆಯಾದವರು ಗೋವಾದ ಮಾಂದ್ರೆಯಲ್ಲಿ ಹುಟ್ಟಿದ ವೈದ್ಯ ಭಾವು ದಾಜಿ ಲಾಡ್. ಬೈಕಲಾದ ಮ್ಯೂಸಿಯಂಗೆ ಅವರದೇ ಹೆಸರಿದೆ, ನೀವೆಲ್ಲ ನೋಡಿರುತ್ತೀರಿ. ಡಾಕ್ಟರು ಪಂಡಿತರನ್ನು ಊರೂರಿಗೆ ಕಳಿಸಿ ಶಾಸನ, ನಾಣ್ಯಗಳನ್ನು ತರಿಸುತ್ತಿದ್ದರು. ಪುಣೆ ಜಿಲ್ಲೆಯ ನಾಣೆಘಾಟ್ ಶಾಸನದ ಹಳೆಯ ಅಂಕಿಗಳನ್ನು ಬಿಡಿಸಿದ್ದರಲ್ಲಿ ಪಂಡಿತರ ಪಾಲು ದೊಡ್ಡದು. ಆ ಪಳಗಿದ ಕಣ್ಣೇ ಈ ಪುಟ್ಟ ಬೆಳ್ಳಿಯ ಮೇಲಿನ ವರ್ಷವನ್ನೂ ಓದಿತು. 1888ರಲ್ಲಿ ಅವರು ತೀರಿಕೊಂಡರು. ಕ್ಷತ್ರಪ ನಾಣ್ಯಗಳ ಕುರಿತ ಅವರ ಬರಹವನ್ನು ಇಂಗ್ಲಿಷ್ ವಿದ್ವಾಂಸ ರ್‍ಯಾಪ್ಸನ್ ಸಂಪಾದಿಸಿದ್ದು, ಅದು ಅಚ್ಚಾದದ್ದು 1890ರಲ್ಲಿ. ಅವರು ಅದನ್ನು ಕಾಣಲಿಲ್ಲವಲ್ಲ ಎಂದು ನನಗೆ ಇಂದಿಗೂ ಸಂಕಟವಾಗುತ್ತದೆ.

ಕನ್ನಡಿಗರಾದ ನಾವು ನೆನೆಯಬೇಕಾದ ಇನ್ನೊಬ್ಬರು ವಾಲ್ಟರ್ ಎಲಿಯಟ್. 1824ರ ಕಿತ್ತೂರು ಕದನದಲ್ಲಿ ಸೆರೆಸಿಕ್ಕ ಇಂಗ್ಲಿಷ್ ಅಧಿಕಾರಿಗಳಲ್ಲಿ ಒಬ್ಬರು ಇವರೇ. ಬಿಡುಗಡೆಯಾದ ಮೇಲೆ ಅದೇ ಸೀಮೆಯಲ್ಲಿ ಶಾಸನಗಳ ನಕಲು ಮಾಡಿಸಿದರು, ನಾಣ್ಯ ಕೂಡಿಸಿದರು. ವಿಷ್ಣುವರ್ಧನನ ಹೊನ್ನಿನ ಮೇಲೆ ಕನ್ನಡದಲ್ಲೇ ‘ಶ್ರೀ ತಲಕಾಡುಗೊಂಡ’ ಎಂದಿದೆ. ಯುದ್ಧ ಗೆದ್ದ ಸುದ್ದಿ ಸಂತೆಯಲ್ಲಿ ಕೈಯಿಂದ ಕೈಗೆ ದಾಟಿದ್ದು ಹೀಗೆ! ಅಂಥ ಹೊನ್ನುಗಳ ಚಿತ್ರ, ವಿವರಗಳಿರುವ ಗ್ರಂಥವನ್ನು ಎಲಿಯಟ್ ಮುಗಿಸಿದ್ದು ಮುಪ್ಪಿನಲ್ಲಿ, ಕಣ್ಣು ಬಹುಮಟ್ಟಿಗೆ ಕಾಣದಾದಾಗ.

ಇನ್ನು 1906ರ ಮಾತು. ನಾಸಿಕ್ ಜಿಲ್ಲೆಯ ಜೋಗಳಟೆಂಭಿಯಲ್ಲಿ ಕ್ಷತ್ರಪ ಅರಸ ನಹಪಾನನ 13,000ಕ್ಕೂ ಹೆಚ್ಚು ಬೆಳ್ಳಿ ನಾಣ್ಯಗಳು ಒಟ್ಟಿಗೆ ಸಿಕ್ಕವು. 9,000ಕ್ಕೂ ಹೆಚ್ಚಿನವುಗಳ ಮೇಲೆ ಅವನನ್ನು ಸೋಲಿಸಿದ ಸಾತವಾಹನ ದೊರೆ ಗೌತಮೀಪುತ್ರ ಶಾತಕರ್ಣಿ ತನ್ನ ಮುದ್ರೆ ಒತ್ತಿಸಿದ್ದ. ಪಾದ್ರಿ ಎಚ್. ಆರ್. ಸ್ಕಾಟ್ ಅವನ್ನು ಪರಿಶೀಲಿಸಿ ಬರೆದಿಟ್ಟರು. ಇವೇ ನಾಣ್ಯಗಳು ಅಕ್ಕಸಾಲಿಯ ಮೂಸೆಗೆ ಬಿದ್ದಿದ್ದರೆ ಏನೂ ಉಳಿಯುತ್ತಿರಲಿಲ್ಲ. ಎಲ್ಲಿಯದೆಂಬ ಗುರುತಿಲ್ಲದೆ ಹತ್ತಾರು ಅಂಗಡಿಗಳಿಗೆ ಚದುರಿದ್ದರೆ? ಗೆದ್ದವನೂ ಸೋತವನೂ ಒಂದೇ ಬಿಲ್ಲೆಯ ಮೇಲಿರುವುದು ಆಗಲೂ ಕಾಣುತ್ತಿತ್ತು. ಎಷ್ಟು, ಎಲ್ಲಿ, ಯಾವುದರ ಜೊತೆಗೆ ಎಂಬುದು ಮಾತ್ರ ಹೋಗಿಬಿಡುತ್ತಿತ್ತು.

ಸಂಗ್ರಹಕ್ಕೆ ಇಳಿದಿರುವ ಹುಡುಗರಿಗೆ ನನ್ನ ಬೇಡಿಕೆ ಎರಡೇ. ಹುಣಸೆಹುಳಿ ಹಾಕಿ ನಾಣ್ಯ ಉಜ್ಜಬೇಡಿ. ಕೊಂಡ ದಿನವೇ ಒಂದು ಚೀಟಿಯಲ್ಲಿ ಅದು ಸಿಕ್ಕ ಊರನ್ನು ಕೇಳಿ ಬರೆಯಿರಿ.

ಈ ನಾಣ್ಯವನ್ನು ನಾನು ಕೊಂಡದ್ದು ಫೋರ್ಟ್‌ನ ಫುಟ್‌ಪಾತಿನಲ್ಲಿ, ಮೂವತ್ತು ವರ್ಷದ ಹಿಂದೆ. ಎಲ್ಲಿಯದೆಂದು ಕೇಳಲು ಆಗ ತೋಚಲಿಲ್ಲ. ಇದರ ಚೀಟಿಯಲ್ಲಿ ಊರಿನ ಜಾಗ ಇನ್ನೂ ಖಾಲಿಯಿದೆ. ಮುಂದಿನ ಸಾಲಿನಿಂದ ಕಳಿಸುತ್ತೇನೆ. ಅಂಚು ಹಿಡಿದು ನೋಡಿ, ಪಕ್ಕದವರಿಗೆ ದಾಟಿಸಿ.