ಹಳೇ ಪಿಕಪ್‌ನ ಹೌಸಿಂಗ್: ಕೇಳಬೇಡಿ, ಎಣಿಸಿ

ಎಲ್ಲರಿಗೂ ನಮಸ್ಕಾರ. ಹಳೇ ಗಾಡಿಗಳ ನಿರ್ವಹಣೆ ಬಗ್ಗೆ ಮಾತಾಡಿ ಅಂತ ಆಕಾಶವಾಣಿಯವರು ಕರೆದರು. ಅಷ್ಟು ದೊಡ್ಡ ವಿಷಯ ಇಷ್ಟು ಹೊತ್ತಿನಲ್ಲಿ ಮುಗಿಯುವುದಿಲ್ಲ, ನಾನು ಒಂದೇ ಮಾತು ಹೇಳಿ ಎದ್ದು ಹೋಗುತ್ತೇನೆ. ಹಿಂದಿನ ಹೌಸಿಂಗ್‌ನ ರೇಷಿಯೊ ಎಷ್ಟು ಅಂತ ಯಾರನ್ನೂ ಕೇಳಬೇಡಿ. ಎಣಿಸಿ.

ಅಮರಗೋಳದ ಎಪಿಎಂಸಿಯಲ್ಲಿ ಮಾಲು ಇಳಿಸಲು ಸರದಿ ಕಾಯುತ್ತಾ, ಪಿಕಪ್ ಬಾಗಿಲು ತೆಗೆದಿಟ್ಟು ರೇಡಿಯೊ ಹಚ್ಚಿಕೊಂಡು ಕೂತಿರುತ್ತೀರಲ್ಲ, ನಿಮಗೇ ಹೇಳುತ್ತಿದ್ದೇನೆ. ಬಗ್ಗಿ ಹಿಂದಿನ ಚಕ್ರಗಳ ನಡುವೆ ನೋಡಿ. ಒಂದು ಗುಂಡನೆ ಹೊಟ್ಟೆ ಕಾಣುತ್ತೆ, ಅದೇ ಹೌಸಿಂಗ್. ಅದರೊಳಗೆ ದೊಡ್ಡದೊಂದು ಹಲ್ಲಿನ ಚಕ್ರ ಇದೆ, ಕ್ರೌನ್. ಅದನ್ನು ತಿರುಗಿಸುವ ಚಿಕ್ಕದು ಪಿನಿಯನ್. ಕ್ರೌನ್‌ಗೆ 41 ಹಲ್ಲು, ಪಿನಿಯನ್‌ಗೆ 8 ಹಲ್ಲು ಅಂದುಕೊಳ್ಳಿ. 41ನ್ನು 8ರಿಂದ ಭಾಗಿಸಿದರೆ 5.125. ಅಂದರೆ ಚಕ್ರ ಒಂದು ಸುತ್ತು ಹೋಗಲು ಪ್ರೊಪೆಲ್ಲರ್ ಶಾಫ್ಟ್, ಅಂದರೆ ಗೇರ್‌ಬಾಕ್ಸ್‌ನಿಂದ ಹೌಸಿಂಗ್‌ಗೆ ಬರುವ ಉದ್ದನೆ ಕೊಳವೆ, ಐದು ಸುತ್ತಿಗಿಂತ ತುಸು ಜಾಸ್ತಿ ತಿರುಗಬೇಕು. ರೇಷಿಯೊ ಅಂದರೆ ಇಷ್ಟೇ. ಸಂಖ್ಯೆ ದೊಡ್ಡದಾದಷ್ಟೂ ಎಳೆತ ಜಾಸ್ತಿ, ಓಟ ಕಡಿಮೆ. ಚಿಕ್ಕದಾದರೆ ಹೈವೇಯಲ್ಲಿ ಆರಾಮ, ಏರಿನಲ್ಲಿ ಏದುಸಿರು.

ಈಗ ನನ್ನ ಮರ್ಯಾದೆ ಹೋದ ಕಥೆ ಕೇಳಿ. ಬ್ಯಾಡಗಿ ಕಡೆಯಿಂದ ಒಬ್ಬರು ಪಿಕಪ್ ತಂದರು. ಸೆಕೆಂಡ್ ಹ್ಯಾಂಡ್ ಕೂಡ ಅಲ್ಲ, ಮೂರನೇ ಕೈಯದು. ಮೆಣಸಿನಕಾಯಿ ಚೀಲ ಹೇರಿ ಹೇರಿ ಹಿಂದಿನ ಹಲಗೆಯೆಲ್ಲ ಕೆಂಪಾಗಿತ್ತು. ಗಾಡಿ ಕೆಳಗೆ ಮಲಗಿ ಒಂದು ಪೆಟ್ಟು ಹೊಡೆದರೆ ಸಂದಿಯಿಂದ ಖಾರದ ಪುಡಿ ಮುಖಕ್ಕೇ ಉದುರುತ್ತಿತ್ತು. ಕಣ್ಣು ಉರಿ, ಸೀನಿನ ಮೇಲೆ ಸೀನು.

"ಉಸ್ತಾದ್ರ, ಗಾಡಿ ಎಳೀತೈತ್ರಿ, ಆದ್ರ ಓಡವಲ್ದು. ಮೀಟರ್ 60 ತೋರಸ್ತೈತಿ, ಲೋಡ್ ಲಾರಿ ಸೈತ ನನ್ನ ದಾಟಿ ಹೊಕ್ಕಾವ" ಅಂದರು.

ಇಂಜಿನ್ ಕೂಗುತ್ತೆ, ಗಾಡಿ ಓಡಲ್ಲ. ಇದಕ್ಕೆ ನಾನು ಹೇಳಿದ್ದು ಕ್ಲಚ್. ಹೊಸ ಪ್ಲೇಟ್ ಹಾಕಿದೆ, ದುಡ್ಡೂ ತಗೊಂಡೆ. ಎಂಟು ದಿನಕ್ಕೆ ವಾಪಸ್ ಬಂದರು, ಅದೇ ರಾಗ. ಡೀಸೆಲ್ ಪಂಪ್ ಬಿಚ್ಚಿಸಿ ರಿಪೇರಿಗೆ ಕಳಿಸಿದೆ. ಮತ್ತೆ ಬಂದರು. ಹೌಸಿಂಗ್ ಬಗ್ಗೆ ಅನುಮಾನವೇ ಬರಲಿಲ್ಲ, ಯಾಕಂದರೆ ಈ ಮಾಡೆಲ್‌ಗೆ 37ಕ್ಕೆ 9, ಅಂದರೆ 4.11 ಅಂತ ನನಗೆ ಬಾಯಿಪಾಠ. ಪುಸ್ತಕದಲ್ಲೂ ಹಾಗೇ ಇತ್ತು.

ಮೂರನೇ ಸಲ ಬಂದಾಗ ಚಹಾ ಕುಡಿಯುತ್ತಾ ಅವರೇ ಸುಮ್ನೆ ಒಂದು ಮಾತು ತೆಗೆದರು. "ಈ ಮೀಟರ್ರೂ ಸುಳ್ಳು ಹೇಳ್ತೈತ್ರಿ. ಹಾವೇರಿಯಿಂದ ಹುಬ್ಬಳ್ಳಿ 70 ಕಿಲೋಮೀಟರ್ ಅಲ್ರೀ, ಇದು 87 ತೋರಸ್ತೈತಿ!"

ನಾನು ಕಪ್ ಕೆಳಗಿಟ್ಟೆ. ಮೀಟರ್ ಕೇಬಲ್ ಬರುವುದು ಗೇರ್‌ಬಾಕ್ಸ್ ಹಿಂಭಾಗದಿಂದ. ಅದು ಎಣಿಸುವುದು ಶಾಫ್ಟಿನ ಸುತ್ತು, ಚಕ್ರದ್ದಲ್ಲ. 70ರ ದಾರಿಗೆ 87 ತೋರಿಸಬೇಕಾದರೆ ಶಾಫ್ಟ್ ಇರಬೇಕಾದ್ದಕ್ಕಿಂತ ಜಾಸ್ತಿ ತಿರುಗುತ್ತಿದೆ ಅಂತ ತಾನೇ ಅರ್ಥ? ಮೀಟರ್ 60 ಅಂದಾಗ ಗಾಡಿ ನಿಜವಾಗಿ ಓಡುತ್ತಿದ್ದದ್ದು 48ರಲ್ಲಿ. ಲಾರಿ ದಾಟದೆ ಇನ್ನೇನು ಮಾಡುತ್ತೆ!

ಆಗ ಎಣಿಸಿದೆವು. ಹೇಗೆ ಅಂತ ನಿಧಾನವಾಗಿ ಹೇಳುತ್ತೇನೆ, ನೀವೂ ಮಾಡಬಹುದು. ಸಮತಟ್ಟು ಜಾಗ ಬೇಕು. ಇಂಜಿನ್ ಬಂದ್, ಕೀ ಜೇಬಿನಲ್ಲಿ, ಗೇರ್ ನ್ಯೂಟ್ರಲ್. ಮುಂದಿನ ಚಕ್ರಗಳಿಗೆ ಹಿಂದೆ ಮುಂದೆ ಎರಡೂ ಕಡೆ ಕಲ್ಲು ಕೊಡಿ, ನೆಲದ ಮೇಲೆ ಉಳಿಯುವ ಹಿಂದಿನ ಚಕ್ರಕ್ಕೂ ಕೊಡಿ, ಯಾಕಂದರೆ ಹ್ಯಾಂಡ್‌ಬ್ರೇಕ್ ಬಿಡಲೇಬೇಕು. ಹಿಂದಿನ ಒಂದೇ ಚಕ್ರ ಎತ್ತಿ. ಜಾಕ್ ನಂಬಿ ಕೆಳಗೆ ನುಗ್ಗಬೇಡಿ, ಸ್ಟ್ಯಾಂಡ್ ಕೊಟ್ಟೇ ನುಗ್ಗಿ. ಸೀಮೆಸುಣ್ಣದಲ್ಲಿ ಟೈರಿಗೊಂದು ಗೆರೆ, ಶಾಫ್ಟಿಗೊಂದು ಗೆರೆ. ಒಬ್ಬರು ಚಕ್ರ ತಿರುಗಿಸಿ, ಇನ್ನೊಬ್ಬರು ಶಾಫ್ಟ್ ನೋಡಿ ಎಣಿಸಿ.

ಚಕ್ರ ಪೂರ್ತಿ ಎರಡು ಸುತ್ತು ಹೋಗಬೇಕು. ಒಂದಲ್ಲ, ಎರಡು. ಒಂದು ಚಕ್ರ ನೆಲಕ್ಕೆ ಕಚ್ಚಿ ನಿಂತಿರುವಾಗ ಇನ್ನೊಂದು ಎರಡು ಸುತ್ತು ಹೋದರೇ ಒಳಗಿನ ಕ್ರೌನ್ ಒಂದು ಸುತ್ತು ಹೋಗುವುದು. ಇದನ್ನು ಮರೆತು ಒಂದೇ ಸುತ್ತು ತಿರುಗಿಸಿ, ಎರಡೂವರೆ ಬಂತು ಅಂತ ಫೋನ್ ಮಾಡುವವರು ಇದ್ದಾರೆ. ಅವರಿಗೆ ಎಷ್ಟು ಸಲ ಹೇಳಲಿ? ಎರಡು ಸುತ್ತು. ಇನ್ನೂ ಖಚಿತ ಬೇಕಾದರೆ ಚಕ್ರ 20 ಸುತ್ತು ತಿರುಗಿಸಿ, ಶಾಫ್ಟಿನ ಸುತ್ತನ್ನು 10ರಿಂದ ಭಾಗಿಸಿ.

ನಮ್ಮ ಗ್ಯಾರೇಜ್ ಹುಡುಗ ಕೆಳಗೆ ಮಲಗಿ, ಸೀನುತ್ತಲೇ ಎಣಿಸಿದ. ಚಕ್ರ 20 ಸುತ್ತು ಹೋದಾಗ ಶಾಫ್ಟಿನ ಲೆಕ್ಕ 41ರ ಹತ್ತಿರ ನಿಲ್ಲಬೇಕಿತ್ತು. ನಿಂತಿದ್ದು 51 ಕಾಲಿಗೆ. ಅಂದರೆ 5.125. ಹಿಂದಿನ ಮಾಲೀಕರು ಯಾರೋ ಗುಜರಿಯಿಂದ ಬೇರೆ ಗಾಡಿಯ ಹೌಸಿಂಗ್ ತಂದು ಕೂರಿಸಿದ್ದರು. ಮಾಡೆಲ್ ಪ್ಲೇಟಿಗಾಗಲಿ ಆರ್‌ಸಿ ಪುಸ್ತಕಕ್ಕಾಗಲಿ ಅದು ಹೇಗೆ ಗೊತ್ತಾಗಬೇಕು? ಅದಕ್ಕೇ ಹೇಳೋದು, ಕೇಳಬೇಡಿ, ಎಣಿಸಿ.

ಸಮಯ ಆಯಿತು ಅಂತ ಗಾಜಿನ ಆಚೆಯಿಂದ ಕೈ ಮಾಡುತ್ತಿದ್ದಾರೆ. ಬೇಗ ಹೇಳಿಬಿಡುತ್ತೇನೆ. ಕೆಲವು ಹೌಸಿಂಗ್‌ಗಳ ಬೋಲ್ಟಿಗೆ ಹಲ್ಲಿನ ಲೆಕ್ಕ ಕೊರೆದ ತಗಡಿನ ಚೀಟಿ ಇರುತ್ತೆ, ಇದ್ದರೆ ಒರೆಸಿ ಓದಿ, ಆಮೇಲೂ ಎಣಿಸಿ. ಕ್ರೌನ್, ಪಿನಿಯನ್ ಜೋಡಿಯಾಗೇ ತಯಾರಾಗಿರುತ್ತವೆ, ಒಂದನ್ನೇ ಬದಲಿಸಿದರೆ ಹೌಸಿಂಗ್ ಊಳಿಡುತ್ತೆ. ಫೋರ್ ವೀಲ್ ಜೀಪ್ ಇಟ್ಟವರು ಮುಂದೆ ಹಿಂದೆ ಒಂದೇ ರೇಷಿಯೊ ಇಡಲೇಬೇಕು.

ಆ ಪಿಕಪ್ ಏನಾಯಿತು ಅಂತೀರಾ? ಹೌಸಿಂಗ್ ಬದಲಿಸೋಣ ಅಂದೆ. ಅವರು ಲೆಕ್ಕ ಹಾಕಿ, "ಇರ್ಲಿ ಬಿಡ್ರಿ, ಅಂಕೋಲಾಕ್ಕ ಲೋಡ್ ಒಯ್ದು ಬರೂಮುಂದ ಅರಬೈಲ್ ಘಟ್ಟ ಇದಽ ಹತ್ತಿಸ್ತೈತಿ" ಅಂದರು. ಬಾಗಿಲ ಒಳಗಡೆ ಬಿಳಿ ಬಣ್ಣದಲ್ಲಿ 41/8 ಅಂತ ದಪ್ಪಗೆ ಬರೆದುಕೊಟ್ಟೆ, ಮುಂದಿನ ಮೇಸ್ತ್ರಿಗೆ ಬೇಕಾಗುತ್ತೆ. ಕ್ಲಚ್ ದುಡ್ಡಿನಲ್ಲಿ ಅರ್ಧ ವಾಪಸ್ ಕೊಟ್ಟೆ. ಅರ್ಧವೇ ಯಾಕೆ ಅಂದರೆ, ಪ್ಲೇಟ್ ಹೊಸದೇ ಅಲ್ವಾ. ನಮಸ್ಕಾರ.